ಪಾಲಿಕೆಯ ಗಡಿ, ನ್ಯಾಯಾಲಯದ ಮಿತಿ

ರಾಜ್ಯ ಸರ್ಕಾರ 2007ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಿಂದ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಬೆಂಗಳೂರು ಮಹಾನಗರಪಾಲಿಕೆಯ ತೆಕ್ಕೆಗೆ ಬಂದವು. ಸುಮಾರು 226 ಚದರ ಕಿಲೋಮೀಟರ್ ಇದ್ದ ಪಾಲಿಕೆಯ ವ್ಯಾಪ್ತಿ ಒಮ್ಮೆಗೇ 700 ಚದರ ಕಿಲೋಮೀಟರ್ ದಾಟಿತು. ಹೆಸರಿನ ಹಿಂದೆ ‘ಬೃಹತ್’ ಎಂಬ ವಿಶೇಷಣವೂ ಬಂದು ಕುಳಿತಿತು. ಆ 110 ಹಳ್ಳಿಗಳ ಬಾಯಾರಿಕೆ ತಣಿಸಲೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಎರಡು ಘಟನೆಗಳ ನಡುವಿನ ಅಂತರ ಹದಿನೇಳು ವರ್ಷ ಒಂಬತ್ತು ತಿಂಗಳು. ಅಧಿಸೂಚನೆಯ ತಿಂಗಳಿನಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಎರಡನೇ ಪಿಯುಸಿಯಲ್ಲಿ ಓದುತ್ತಿದ್ದಿರಬೇಕು. ಈ ಅವಧಿಯುದ್ದಕ್ಕೂ ಅಲ್ಲಿನ ಜನ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುತ್ತಲೇ ಇದ್ದರು; ನೀರಿಗೆ ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನಂಬಿದ್ದರು.

ನಗರಗಳ ಗಡಿ ವಿಸ್ತರಣೆಯನ್ನು ಪ್ರಶ್ನಿಸಿ ನಮ್ಮ ನ್ಯಾಯಾಲಯಗಳ ಮುಂದೆ ಬಂದಿರುವ ವ್ಯಾಜ್ಯಗಳು ಕಡಿಮೆಯೇನಲ್ಲ. ಬೆಂಗಳೂರು, ಪುಣೆ, ಕಲ್ಯಾಣ್, ಹಿಮಾಚಲದ ಸಣ್ಣಪುಟ್ಟ ಪಟ್ಟಣಗಳು ಹೀಗೆ ಎಲ್ಲೆಡೆಯಿಂದಲೂ ರಿಟ್ ಅರ್ಜಿಗಳು ಹೋಗಿವೆ. ಅವುಗಳ ತೀರ್ಪುಗಳನ್ನು ಓದುತ್ತಾ ಹೋದಂತೆ ನನಗೊಂದು ಸಂಗತಿ ಸ್ಪಷ್ಟವಾಗತೊಡಗಿತು. ಹಳ್ಳಿಯವನು ಕೇಳುವ ಪ್ರಶ್ನೆ ಒಂದು, ನ್ಯಾಯಾಲಯ ಉತ್ತರಿಸುವ ಪ್ರಶ್ನೆ ಇನ್ನೊಂದು. ಇದಕ್ಕೆ ನ್ಯಾಯಮೂರ್ತಿಗಳನ್ನು ದೂಷಿಸಿ ಪ್ರಯೋಜನವಿಲ್ಲ. ದೋಷ ಇರುವುದು ಕಾನೂನಿನ ಹಂದರದಲ್ಲೇ.

ನಗರ ಬೆಳೆಯಬಾರದು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಂಡು ಪ್ರದೇಶ ಮತ್ತು ಪೇಟೆ ಎಂದು ಎರಡು ಪ್ರತ್ಯೇಕ ಪುರಸಭೆಗಳಾಗಿದ್ದ ಬೆಂಗಳೂರು 1949ರಲ್ಲಿ ಒಂದೇ ಪಾಲಿಕೆಯಾದದ್ದು ಸರಿಯಾದ ಕ್ರಮವೇ ಆಗಿತ್ತು. ನಗರದ ರಸ್ತೆ, ಆಸ್ಪತ್ರೆ, ಮಾರುಕಟ್ಟೆಗಳನ್ನು ಬಳಸಿಕೊಂಡು ಗಡಿಯಾಚೆ ವಾಸಿಸುವವನು ಅವುಗಳ ವೆಚ್ಚದಲ್ಲಿ ಪಾಲು ಕೊಡಬೇಕೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲೊಂದು. ಮಳೆನೀರಿನ ರಾಜಕಾಲುವೆಗೆ ಪಂಚಾಯಿತಿಯ ಗಡಿ ತಿಳಿಯುವುದಿಲ್ಲ. ಮೇಲಿನ ಊರಿನಲ್ಲಿ ಕಾಲುವೆ ಮುಚ್ಚಿದರೆ ಕೆಳಗಿನ ಬಡಾವಣೆ ಮುಳುಗುತ್ತದೆ. ಆದ್ದರಿಂದ ಸೇರ್ಪಡೆ ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಸೇರಿಸಿಕೊಳ್ಳುವವರು ಯಾವ ಹೊಣೆ ಹೊತ್ತು ಸೇರಿಸಿಕೊಳ್ಳುತ್ತಾರೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ನನಗೆ ಬಹಳ ತಡವಾಗಿ ಹೊಳೆಯಿತೆಂದು ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ, ನನ್ನ ವ್ಯಾಪ್ತಿಯ ಪಟ್ಟಣವೊಂದರ ಎಲ್ಲೆ ವಿಸ್ತರಿಸಲು ಕರಡು ಅಧಿಸೂಚನೆ ಹೊರಟಿತ್ತು. ಸುತ್ತಲಿನ ನಾಲ್ಕು ಹಳ್ಳಿಗಳಿಂದ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತಕ್ಕೂ ಹೆಚ್ಚು ಅರ್ಜಿಗಳಿದ್ದವು. ಹೆಚ್ಚಿನವು ಒಬ್ಬನೇ ಅರ್ಜಿ ಬರೆಯುವವನ ಕೈಬರಹದಲ್ಲಿದ್ದವು. ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ವಿಚಾರಣೆ ಇಟ್ಟುಕೊಂಡೆ. ‘ತೆರಿಗೆ ಜಾಸ್ತಿಯಾಗುತ್ತದೆ’, ‘ದನ ಕಟ್ಟಲು ಬಿಡುವುದಿಲ್ಲವಂತೆ’, ‘ಗೋಮಾಳ ಹೋಗುತ್ತದೆ’ ಎಂಬ ಮಾತುಗಳ ನಡುವೆ ಹಿರಿಯರೊಬ್ಬರು ಎದ್ದು ನಿಂತು ಕೈಮುಗಿದರು. ‘ಪೇಟೆಗೆ ಸೇರ್ಸಿ ಬುದ್ಧಿ, ನಾವು ಬ್ಯಾಡ ಅನ್ನಕಿಲ್ಲ. ಪೈಪಲ್ಲಿ ನೀರು ಯಾವತ್ತು ಬತ್ತದೆ ಅಂತ ಒಂದ್ ಕಾಗ್ದದಲ್ಲಿ ಬರ್ಕೊಡಿ’ ಎಂದರು.

ಸಭೆ ನಕ್ಕಿತು, ನಾನೂ ನಕ್ಕೆ. ಅದು ಆಕ್ಷೇಪಣೆಯೇ ಅಲ್ಲವಾದ್ದರಿಂದ ನನ್ನ ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ‘ಆಕ್ಷೇಪಣೆಗಳಲ್ಲಿ ಹುರುಳಿಲ್ಲದಿರುವುದರಿಂದ ತಿರಸ್ಕರಿಸಬಹುದಾಗಿದೆ’ ಎಂದು ಒಂದೇ ವಾಕ್ಯದ ಷರಾ ಬರೆದು ಕಡತ ಮೇಲೆ ಕಳುಹಿಸಿದೆ. ಆ ಹಳ್ಳಿಗಳವರು ನ್ಯಾಯಾಲಯಕ್ಕೆ ಹೋಗಲಿಲ್ಲ. ಹೋಗಿದ್ದರೂ ನನ್ನ ವರದಿಗೆ ಕೊಂಕು ಬರುತ್ತಿರಲಿಲ್ಲ. ರಾಜ್ಯಪತ್ರದಲ್ಲಿ ಕರಡು ಪ್ರಕಟವಾಗಿತ್ತು, ಕಾಲಾವಕಾಶ ಕೊಡಲಾಗಿತ್ತು, ವಿಚಾರಣೆಯೂ ನಡೆದಿತ್ತು. ಕಾನೂನು ಕೇಳುವುದೆಲ್ಲವೂ ಆ ಕಡತದಲ್ಲಿತ್ತು.

ಕಾನೂನು ಏನನ್ನು ಕೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243-ಕ್ಯೂ ವಿಧಿಯ ಪ್ರಕಾರ, ಒಂದು ಪ್ರದೇಶವನ್ನು ನಗರವೆಂದು ಘೋಷಿಸುವ ಮುನ್ನ ರಾಜ್ಯಪಾಲರು ಅಲ್ಲಿನ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಅಲ್ಲಿಂದ ಹುಟ್ಟುವ ವರಮಾನ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಪ್ರಾಮುಖ್ಯ ಮೊದಲಾದವನ್ನು ಗಮನಿಸಬೇಕು. ಕರ್ನಾಟಕ ಪೌರ ನಿಗಮಗಳ ಕಾಯ್ದೆ ಇವುಗಳಿಗೆ ಅಂಕಿ ತುಂಬಿತು: ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆ, ಚದರ ಕಿಲೋಮೀಟರಿಗೆ ಮೂರು ಸಾವಿರ ಜನ, ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಕೃಷಿಯೇತರ ಕಸುಬಿನಲ್ಲಿರಬೇಕು, ವರಮಾನ ಇಂತಿಷ್ಟಿರಬೇಕು ಎಂದಿತು. ಇಡೀ ಪ್ರದೇಶದ ಸರಾಸರಿ ತೆಗೆದರೆ ಹಳೆಯ ಪೇಟೆಯ ಜನದಟ್ಟಣೆ ಅಂಚಿನ ರಾಗಿಹೊಲವನ್ನೂ ನಗರದ ಮಟ್ಟಕ್ಕೆ ಎತ್ತಿಬಿಡುತ್ತದೆ. ಸರಾಸರಿಯ ಈ ಚಮತ್ಕಾರ ಅರ್ಥಶಾಸ್ತ್ರ ಓದಿದವರಿಗೆ ಹೊಸದಲ್ಲ. ಅದು ಹಾಗಿರಲಿ.

ಈ ಮಾನದಂಡಗಳನ್ನು ಮತ್ತೊಮ್ಮೆ ಓದಿ ನೋಡಿ. ಪ್ರತಿಯೊಂದೂ ಅಳೆಯುವುದು ಸೇರಲಿರುವ ಪ್ರದೇಶವನ್ನು. ಅಲ್ಲಿ ಎಷ್ಟು ಜನರಿದ್ದಾರೆ, ಏನು ದುಡಿಯುತ್ತಾರೆ, ಎಷ್ಟು ತೆರಿಗೆ ತರಬಲ್ಲರು ಎಂಬುದೇ ಲೆಕ್ಕ. ಸೇರಿಸಿಕೊಳ್ಳುವ ನಗರದ ಬಳಿ ಹೆಚ್ಚುವರಿ ನೀರಿದೆಯೇ, ಒಳಚರಂಡಿ ಎಳೆಯಲು ಹಣವಿದೆಯೇ, ಈಗಿರುವ ಕಸವನ್ನೇ ಎಲ್ಲಿಗೆ ಸಾಗಿಸುತ್ತಿದೆ ಎಂದು ಕೇಳುವ ಒಂದೇ ಒಂದು ಮಾನದಂಡ ಇಲ್ಲ. ವರಮಾನ ತರುವ ಶಕ್ತಿ ಹಳ್ಳಿಗೆ ಪ್ರವೇಶ ಪರೀಕ್ಷೆ. ಸೇವೆ ಒದಗಿಸುವ ಶಕ್ತಿಯ ಬಗ್ಗೆ ನಗರಕ್ಕೆ ಯಾವ ಪರೀಕ್ಷೆಯೂ ಇಲ್ಲ. ಬ್ಯಾಂಕೊಂದು ಇನ್ನೊಂದನ್ನು ವಿಲೀನ ಮಾಡಿಕೊಳ್ಳುವಾಗ ಎರಡೂ ಕಡೆಯ ಆಸ್ತಿ-ಹೊಣೆಗಳ ಪಟ್ಟಿ ಮೇಜಿನ ಮೇಲಿರುತ್ತದೆ. ಲಕ್ಷಾಂತರ ಜನರ ಊರುಗಳು ವಿಲೀನವಾಗುವಾಗ ಸರ್ವೆ ನಂಬರುಗಳ ಅನುಸೂಚಿಯೊಂದಿದ್ದರೆ ಸಾಕು.

ಕಾನೂನಿನಲ್ಲಿ ಇಲ್ಲದ್ದನ್ನು ನ್ಯಾಯಾಲಯ ಹೇಗೆ ಪರೀಕ್ಷಿಸೀತು? ಹಾಗಾಗಿ ಈ ವ್ಯಾಜ್ಯಗಳೆಲ್ಲ ‘ನಮ್ಮನ್ನು ಕೇಳಲಿಲ್ಲ’ ಎಂಬ ಒಂದೇ ಅಂಶದ ಸುತ್ತ ಸುತ್ತುತ್ತವೆ. ಉತ್ತರ ಪ್ರದೇಶದ ತುಳಸೀಪುರದಲ್ಲಿ ಒಂದು ಸಕ್ಕರೆ ಕಾರ್ಖಾನೆ ಇತ್ತು. ಅದು ನಿಂತಿದ್ದ ಹಳ್ಳಿಯನ್ನು 1955ರಲ್ಲಿ ಪಟ್ಟಣದ ಎಲ್ಲೆಗೆ ಸೇರಿಸಿ ಸ್ಥಳೀಯ ಸಮಿತಿ ತೆರಿಗೆ ಕೇಳಿತು. ಸೇರಿಸುವ ಮುನ್ನ ತನ್ನ ಅಹವಾಲು ಆಲಿಸಲಿಲ್ಲ ಎಂಬುದು ಕಂಪನಿಯ ವಾದ. 1980ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಎಲ್ಲೆ ಗುರುತಿಸುವುದು ಶಾಸನ ರಚನೆಯ ಸ್ವರೂಪದ ಕೆಲಸ, ಆಡಳಿತಾತ್ಮಕ ತೀರ್ಮಾನವಲ್ಲ. ಶಾಸನ ಮಾಡುವಾಗ ಪ್ರತಿಯೊಬ್ಬರನ್ನೂ ಕರೆದು ಕೇಳಬೇಕೆಂಬ ಸಹಜ ನ್ಯಾಯದ ತತ್ವ ಅನ್ವಯಿಸುವುದಿಲ್ಲ ಎಂದಿತು. ಆ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ.

ಏಳು ವರ್ಷಗಳ ಬಳಿಕ, 1987ರಲ್ಲಿ, ಬಲದೇವ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೇರೆ ದನಿಯಲ್ಲಿ ಮಾತನಾಡಿತು. ಹಿಮಾಚಲ ಪ್ರದೇಶದ ಕೆಲವು ಹಳ್ಳಿಗಳನ್ನು ಪಂಚಾಯಿತಿಯಿಂದ ತೆಗೆದು ಅಧಿಸೂಚಿತ ಪಟ್ಟಣ ಪ್ರದೇಶಕ್ಕೆ ಸೇರಿಸಿದ ಪ್ರಕರಣವದು. ತಾವೇ ಆರಿಸಿದ ಪಂಚಾಯಿತಿಯ ಆಡಳಿತದಲ್ಲಿದ್ದವರು ಪಟ್ಟಣಕ್ಕೆ ಸೇರಿದಾಗ ತೆರಿಗೆಯೂ ಸೇರಿದಂತೆ ಅವರ ಬದುಕಿನ ಮೇಲೆ ಪರಿಣಾಮಗಳಾಗುತ್ತವೆ, ಆದ್ದರಿಂದ ಅವರ ಮಾತನ್ನು ಕೇಳಬೇಕು ಎಂಬುದು ಆ ತೀರ್ಪಿನ ಸಾರ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತ್ಯಂತ ಮಾನವೀಯ ತೀರ್ಪು ಅದೇ. ಆದರೆ ಅದರ ಆಯುಷ್ಯ ದೀರ್ಘವಾಗಲಿಲ್ಲ. 1989ರಲ್ಲಿ ಠಾಣೆ ಜಿಲ್ಲೆಯ ಕಲ್ಯಾಣ್ ಪಾಲಿಕೆಯ ಪ್ರಕರಣ ಬಂತು. ಸಿಂಧಿಗಳು ಬಹುಸಂಖ್ಯೆಯಲ್ಲಿರುವ ಉಲ್ಲಾಸನಗರವನ್ನು ಮೊದಲು ಸೇರಿಸಲು ಹೊರಟು, ವಿರೋಧ ಬಂದ ಮೇಲೆ ಹೊರಗಿಟ್ಟ ಕ್ರಮ ಅಲ್ಲಿ ಪ್ರಶ್ನೆಗೊಳಗಾಗಿತ್ತು. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ತೀರ್ಪು ತುಳಸೀಪುರದ ದಾರಿಗೇ ಮರಳಿತು. ಕಾಯ್ದೆ ಎಷ್ಟು ಕೇಳುತ್ತದೋ ಅಷ್ಟು ಮಾಡಿದರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ನ್ಯಾಯಾಲಯ ಸರ್ಕಾರದ ಮೇಲೆ ಹೇರಲಾಗದು ಎಂದಾಯಿತು. 2002ರ ಪಂಜಾಬಿನ ತೇಹಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಸಭೆಯ ಎಲ್ಲೆಗೂ ಇದೇ ಸೂತ್ರ ವಿಸ್ತರಿಸಿತು. ಈ ಸಾಲಿನ ಎರಡು ಪ್ರಮುಖ ತೀರ್ಪುಗಳನ್ನು ಬರೆದವರು ಕನ್ನಡ ನಾಡಿನ ನ್ಯಾಯಮೂರ್ತಿಗಳು ಎಂಬುದು ಕಾಕತಾಳೀಯವಿರಬಹುದು. ತರ್ಕದಲ್ಲಿ ಅವು ಗಟ್ಟಿಯಾಗಿಯೇ ಇವೆ. ಗಡಿರೇಖೆಯ ಒಂದೊಂದು ಇಂಚಿಗೂ ವಿಚಾರಣೆ ಕೊಡುತ್ತ ಕುಳಿತರೆ ಯಾವ ನಗರವೂ ಬೆಳೆಯಲಾರದು ಎಂಬ ಆಡಳಿತಗಾರನ ಆತಂಕವನ್ನು ನಾನೂ ಬಲ್ಲೆ.

ಆದರೆ ಕೇಳದೆ ಎಳೆದ ಗೆರೆ ಉಳಿಯುತ್ತದೆಯೇ? ಅದೇ ಕಲ್ಯಾಣ್‌ನ ಕಥೆ ಮುಂದುವರಿದ ಬಗೆ ನೋಡಿ. 1983ರಲ್ಲಿ ಪಾಲಿಕೆ ರಚನೆಯಾದಾಗ ಒಳಗಿದ್ದ 27 ಹಳ್ಳಿಗಳನ್ನು 2002ರಲ್ಲಿ ಹೊರಗಿಟ್ಟರು. 2015ರಲ್ಲಿ ಮತ್ತೆ ಒಳಗೆ ತಂದರು. 2020ರಲ್ಲಿ ಅವುಗಳ ಪೈಕಿ 18ನ್ನು ಪುನಃ ಹೊರಗೆ ಹಾಕಲು ಹೊರಟಾಗ ಬಾಂಬೆ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು. ನಾಲ್ಕು ದಶಕಗಳಲ್ಲಿ ಒಂದು ತಲೆಮಾರು ಪಂಚಾಯಿತಿಯೋ ಪಾಲಿಕೆಯೋ ತಿಳಿಯದೆ ಬದುಕಿತು. ಪುಣೆಯದು ಇನ್ನೂ ಕುತೂಹಲಕರ. ಆ ನಗರದ ಕಸದ ರಾಶಿಯನ್ನು ವರ್ಷಗಟ್ಟಲೆ ಹೊತ್ತದ್ದು ಉರುಳಿ ದೇವಾಚಿ ಮತ್ತು ಫುರಸುಂಗಿ ಎಂಬ ಹಳ್ಳಿಗಳು. ಆಗ ಅವು ಪಾಲಿಕೆಯ ಹೊರಗಿದ್ದವು. 2017ರಲ್ಲಿ ಪಾಲಿಕೆಗೆ ಸೇರಿದ ಹನ್ನೊಂದು ಹಳ್ಳಿಗಳಲ್ಲಿ ಇವೂ ಇದ್ದವು. ತೆರಿಗೆಯ ಬಿಲ್ಲು ಬಂದ ಮೇಲೆ ಅಸಮಾಧಾನ ಭುಗಿಲೆದ್ದಿತು. ಕೊನೆಗೆ 2024ರಲ್ಲಿ ಈ ಎರಡನ್ನೂ ಬಿಡಿಸಿ ಪ್ರತ್ಯೇಕ ನಗರ ಪರಿಷತ್ತು ಮಾಡಬೇಕಾಯಿತು. ಮಹಾರಾಷ್ಟ್ರದ ಕಾನೂನಿನಲ್ಲಿ ಹೊಸದಾಗಿ ಸೇರಿದ ಪ್ರದೇಶದ ತೆರಿಗೆಯನ್ನು ಒಮ್ಮೆಗೇ ಏರಿಸದೆ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವ ಒಳ್ಳೆಯ ಏರ್ಪಾಡಿದೆ. ಅಂಥ ಏರ್ಪಾಡಿದ್ದೂ ಹೀಗಾಯಿತೆಂದರೆ, ಜನರ ತಕರಾರು ಬರೀ ತೆರಿಗೆಯ ದರದ ಬಗ್ಗೆ ಇರಲಿಲ್ಲವೆಂದೇ ಅರ್ಥ. ನಮ್ಮ ಮಾವಳ್ಳಿಪುರ, ಮಂಡೂರುಗಳನ್ನು ಬಲ್ಲ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಿಲ್ಲ. ನಗರಕ್ಕೆ ತೆರಿಗೆ ತರುವ ಊರು ಒಳಗೆ, ನಗರದ ಕಸ ಹೊರುವ ಊರು ಹೊರಗೆ.

ಇನ್ನು ಬೆಂಗಳೂರಿನ ವಿಷಯ. ಗಡಿಯನ್ನು ಪ್ರಶ್ನಿಸಿ ಗೆಲ್ಲುವುದು ದುಸ್ತರವಾದಾಗ ವ್ಯಾಜ್ಯ ಮುಂದಿನ ಮೆಟ್ಟಿಲಿಗೆ ಸರಿಯುತ್ತದೆ. ಹೊಸ ಪ್ರದೇಶ ಸೇರಿತೆಂದರೆ ವಾರ್ಡುಗಳನ್ನು ಮರುವಿಂಗಡಿಸಬೇಕು. ವಾರ್ಡು ಬದಲಾದರೆ ಮೀಸಲಾತಿ ಪಟ್ಟಿ ಬದಲಾಗಬೇಕು. ಪಟ್ಟಿ ಬಂದ ಮರುದಿನ ಯಾರಾದರೊಬ್ಬರು ಹೈಕೋರ್ಟಿನಲ್ಲಿರುತ್ತಾರೆ. ಚುನಾವಣೆಗೆ ಮನಸ್ಸಿಲ್ಲದ ಸರ್ಕಾರಕ್ಕೆ ಇದಕ್ಕಿಂತ ಅನುಕೂಲಕರ ಪರಿಸ್ಥಿತಿ ಇಲ್ಲ. ಇದು ಒಂದು ಪಕ್ಷದ ಮಾತಲ್ಲ. ಈ ಅವಧಿಯಲ್ಲಿ ರಾಜ್ಯವಾಳಿದ ಮೂರೂ ಪಕ್ಷಗಳು ಆಡಳಿತಾಧಿಕಾರಿಯ ನೆರಳಿನಲ್ಲಿ ನೆಮ್ಮದಿಯಾಗಿಯೇ ಇದ್ದವು.

ಹಳೆಯ ಪಾಲಿಕೆಯ ಅವಧಿ 2006ರ ನವೆಂಬರ್‌ನಲ್ಲಿ ಮುಗಿದಿತ್ತು. ಗಡಿ ವಿಸ್ತರಣೆಯ ಕಾರಣ ಮುಂದೆ ಮಾಡಿ ಚುನಾವಣೆ ತಳ್ಳಿ, ನ್ಯಾಯಾಲಯದ ಒತ್ತಾಯದ ನಂತರ ಮತದಾನ ನಡೆದದ್ದು 2010ರ ಮಾರ್ಚ್ 28ರಂದು. ಪಂಚಾಯಿತಿ ಕಳೆದುಕೊಂಡ ಹಳ್ಳಿಗಳಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ತಮ್ಮವರೆಂದು ಹೇಳಿಕೊಳ್ಳಲು ಒಬ್ಬ ಸದಸ್ಯನೂ ಇರಲಿಲ್ಲ. 2015ರಲ್ಲಿ ಪಾಲಿಕೆಯನ್ನು ಒಡೆಯುವ ಪ್ರಸ್ತಾಪದ ನಡುವೆ ಚುನಾವಣೆ ಮತ್ತೆ ತಡವಾಗಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಆಗಸ್ಟ್ 22ರಂದು ನಡೆಯಿತು. ಆ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲಿನದು ಅಂಕಿಗಳ ಆಟ. ಇರುವ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೊಸ ಕಾಯ್ದೆಯಲ್ಲಿ ವಾರ್ಡುಗಳು 243 ಆದವು. 2022ರ ಸೆಪ್ಟೆಂಬರ್‌ನಲ್ಲಿ ಅವುಗಳ ಮೀಸಲಾತಿ ಪಟ್ಟಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಸರ್ಕಾರ ಬದಲಾದ ಮೇಲೆ 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆಯಡಿ ಪಾಲಿಕೆಯೇ ಐದಾಗಿ ಒಡೆಯಿತು. ಐದರಲ್ಲೂ ಸೇರಿ ವಾರ್ಡುಗಳು 369.

ಬೃಹತ್ ಪಾಲಿಕೆ ಬದುಕಿದ್ದದ್ದು ಹದಿನೆಂಟು ವರ್ಷ ಎಂಟು ತಿಂಗಳು. ಅದರಲ್ಲಿ ಚುನಾಯಿತ ಪರಿಷತ್ತು ಇದ್ದದ್ದು ಹತ್ತು ವರ್ಷ ಮಾತ್ರ. ಉಳಿದ ಅವಧಿಯಲ್ಲಿ ನನ್ನಂಥ ಅಧಿಕಾರಿಗಳು ನಗರವನ್ನಾಳಿದರು. ಆಡಳಿತ ಕೆಟ್ಟಿತೆಂದು ನಾನು ಹೇಳಲಾರೆ. ಕೆಲವು ಕೆಲಸಗಳು ಚುರುಕಾಗಿಯೂ ನಡೆದಿರಬಹುದು. ಆದರೆ ಸಂವಿಧಾನದ 243-ಯು ವಿಧಿ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆನ್ನುತ್ತದೆ. ವಾರ್ಡ್ ಮರುವಿಂಗಡಣೆಯಂಥ ನೆಪಗಳಿಂದ ಅದನ್ನು ಮುಂದೂಡುವಂತಿಲ್ಲವೆಂದು ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು 2006ರಲ್ಲಿ. ಬೆಂಗಳೂರಿನ ಮೊದಲ ಮುಂದೂಡಿಕೆ ಆರಂಭವಾದದ್ದೂ ಅದೇ ವರ್ಷ.

ನ್ಯಾಯಾಲಯದ ಬಾಗಿಲಲ್ಲಿ ಚುನಾವಣೆ ಸಿಕ್ಕಿಹಾಕಿಕೊಳ್ಳುವುದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರ 1970ರಲ್ಲಿ ನೆರೆಯ ಚೆಸ್ಟರ್‌ಫೀಲ್ಡ್ ಕೌಂಟಿಯ ಸುಮಾರು 23 ಚದರ ಮೈಲಿ ಪ್ರದೇಶವನ್ನು ತನಗೆ ಸೇರಿಸಿಕೊಂಡಿತು. ಅಲ್ಲಿದ್ದ 47 ಸಾವಿರದಷ್ಟು ಜನರಲ್ಲಿ ಬಹುತೇಕರು ಬಿಳಿಯರು. ನಗರದ ಜನಸಂಖ್ಯೆಯಲ್ಲಿ ಕರಿಯರ ಪಾಲು ಶೇ 52ರಿಂದ 42ಕ್ಕೆ ಇಳಿಯಿತು. ಕರಿಯರ ಮತದ ಬಲ ಕುಗ್ಗಿಸಲೆಂದೇ ಈ ಸೇರ್ಪಡೆ ನಡೆದಿದೆಯೆಂದು ವ್ಯಾಜ್ಯ ಹೂಡಲಾಯಿತು. ಅದು ಇತ್ಯರ್ಥವಾಗುವವರೆಗೆ ನಗರ ಪರಿಷತ್ತಿಗೆ ಚುನಾವಣೆ ನಡೆಯಲಿಲ್ಲ. 1970ರಲ್ಲಿ ಆಯ್ಕೆಯಾದವರೇ 1977ರವರೆಗೆ ಕುರ್ಚಿಯಲ್ಲಿದ್ದರು. ಆದರೆ ಅಲ್ಲಿನ ಸುಪ್ರೀಂ ಕೋರ್ಟ್ 1975ರಲ್ಲಿ ಕೇಳಿದ ಪ್ರಶ್ನೆಗಳನ್ನು ಗಮನಿಸಬೇಕು. ಈ ಸೇರ್ಪಡೆಗೆ ಆಡಳಿತದ ಅಥವಾ ಆರ್ಥಿಕತೆಯ ನಿಜವಾದ ಕಾರಣವಿದೆಯೇ? ಹೊಸ ವಾರ್ಡುಗಳ ವ್ಯವಸ್ಥೆಯಲ್ಲಿ ಕರಿಯರ ಮತಬಲಕ್ಕೆ ನ್ಯಾಯವಾದ ಪಾಲು ಸಿಗುತ್ತದೆಯೇ? ಅಂದರೆ ಗಡಿ, ಅದರ ಕಾರಣ, ಪ್ರಾತಿನಿಧ್ಯ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಿದರು. ವಾರ್ಡುಗಳಾದ ಮೇಲೆ 1977ರಲ್ಲಿ ನಡೆದ ಚುನಾವಣೆಯಲ್ಲಿ ಪರಿಷತ್ತಿನಲ್ಲಿ ಕರಿಯರೇ ಬಹುಮತ ಪಡೆದು, ಹೆನ್ರಿ ಮಾರ್ಷ್ ಅಲ್ಲಿನ ಮೊದಲ ಕರಿಯ ಮೇಯರ್ ಆದರು. ಅಂಥ ಪ್ರಶ್ನೆಗಳನ್ನು ಕೇಳುವ ಬಲ ಅಲ್ಲಿನ ನ್ಯಾಯಾಲಯಕ್ಕೆ ಬಂದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ನಮ್ಮಲ್ಲಿ ವಾರ್ಡ್ ವಿಂಗಡಣೆಯ ಕಾನೂನನ್ನು ನ್ಯಾಯಾಲಯಗಳು ಪ್ರಶ್ನಿಸದಂತೆ 243-ಜಡ್‌ಜಿ ವಿಧಿ ಅಡ್ಡ ನಿಂತಿದೆ. ತೀರಾ ಮನಸೋಇಚ್ಛೆಯ ಕ್ರಮಗಳಿದ್ದರೆ ಇಂಥ ತಡೆಯಿದ್ದರೂ ಮಧ್ಯಪ್ರವೇಶ ಸಾಧ್ಯವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಾಗತಾರ್ಹವೇ. ಆದರೂ ಅದು ಕಿಟಕಿಯಷ್ಟೇ, ಬಾಗಿಲಲ್ಲ.

ಪ್ರಾತಿನಿಧ್ಯದ ಪ್ರಶ್ನೆಯನ್ನು ನಾವು ಲೆಕ್ಕ ಹಾಕಿ ನೋಡಿದ್ದು ಕಡಿಮೆ. ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೊಬ್ಬ ಸದಸ್ಯ. 2011ರ ಜನಗಣತಿಯ ಪ್ರಕಾರ ಬೃಹತ್ ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. 198 ವಾರ್ಡುಗಳಿಗೆ ಹಂಚಿದರೆ ಒಬ್ಬ ಸದಸ್ಯನಿಗೆ 42 ಸಾವಿರಕ್ಕೂ ಹೆಚ್ಚು ಜನ. ಅಂದರೆ ಹಳ್ಳಿಯವನ ದನಿ ನೂರರಲ್ಲೊಂದು ಪಾಲಿಗೆ ಕುಗ್ಗಿತು. 369 ವಾರ್ಡುಗಳಾದರೂ ಅದೇ ಹಳೆಯ ಜನಗಣತಿಯ ಲೆಕ್ಕದಲ್ಲೇ ಒಬ್ಬರಿಗೆ 23 ಸಾವಿರದ ಆಸುಪಾಸು. ಮೊದಲು ನಲ್ಲಿ ಕೆಟ್ಟರೆ ಸದಸ್ಯನ ಮನೆಯ ಜಗಲಿಗೆ ಹೋಗಿ ಕೂಗಾಡಬಹುದಿತ್ತು. ಈಗ ದೂರವಾಣಿಯ ಸಹಾಯವಾಣಿ ಇದೆ. ಗ್ರಾಮಸಭೆ ಹೋಯಿತು, ಗ್ರಾಮೀಣ ಯೋಜನೆಗಳ ಅನುದಾನ ಹೋಯಿತು. ಬದಲಿಗೆ ಬಂದ ಕೊಡುಗೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ‘ಬಿ ಖಾತಾ’. ತೆರಿಗೆ ವಸೂಲಿಗೆ ಆ ಮನೆ ಲೆಕ್ಕದಲ್ಲಿದೆ. ನಕ್ಷೆ ಮಂಜೂರಾತಿಗೂ ಬ್ಯಾಂಕ್ ಸಾಲಕ್ಕೂ ಮಾತ್ರ ಆ ಕಾಗದ ಸಾಲದು. ನಿವೃತ್ತಿಯ ಹಣವನ್ನೆಲ್ಲ ಹಾಕಿ ಅಂಚಿನ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು ಕೊಂಡ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಈ ಎರಡನೇ ರಿಜಿಸ್ಟರಿನಲ್ಲೇ ಬಾಳಿವೆ.

ಪಂಚಾಯಿತಿಗಳು ಮುಗ್ಧವಾಗಿದ್ದವೆಂದು ಇದರ ಅರ್ಥವಲ್ಲ. ಅಂಚಿನ ಹಳ್ಳಿಗಳ ಕಂದಾಯ ಭೂಮಿಯಲ್ಲಿ ಭೂ ಪರಿವರ್ತನೆಯಿಲ್ಲದೆ, ರಸ್ತೆ-ಚರಂಡಿಗೆ ಜಾಗ ಬಿಡದೆ ಬಡಾವಣೆಗಳು ಎದ್ದಾಗ ಖಾತೆ ಮಾಡಿಕೊಟ್ಟವರು ಯಾರು? ಸೇರ್ಪಡೆಯನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೋಗುವ ಅರ್ಜಿದಾರರೆಲ್ಲರೂ ರೈತರಲ್ಲ. ಪಂಚಾಯಿತಿಯ ಸಡಿಲ ಕಣ್ಗಾವಲಿನಲ್ಲಿ ಇನ್ನೆರಡು ವರ್ಷ ನಿವೇಶನ ಮಾರಿಕೊಳ್ಳಬೇಕೆನ್ನುವವರೂ ಅವರ ಹಿಂದೆ ಇರುತ್ತಾರೆ. ಹಾಗೆಯೇ ಸೇರ್ಪಡೆ ಬೇಕೆಂದು ಒತ್ತಾಯಿಸುವವರೆಲ್ಲರೂ ನಗರಾಭಿವೃದ್ಧಿಯ ಚಿಂತಕರಲ್ಲ. ಕರಡು ಅಧಿಸೂಚನೆಯ ಸುದ್ದಿ ಹಬ್ಬಿದ ವಾರದಲ್ಲೇ ಎಕರೆಯ ಬೆಲೆ ಚದರಡಿಯ ಲೆಕ್ಕಕ್ಕೆ ತಿರುಗುವುದನ್ನು ನಾನು ಸೇವೆಯಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಈ ಎರಡು ಬಗೆಯ ಹಿತಾಸಕ್ತಿಗಳಿಗೂ ವಕೀಲರಿಗೆ ಕೊಡಲು ಹಣವಿದೆ. ನೀರಿನ ದಿನಾಂಕ ಕೇಳಿದ ಆ ಹಿರಿಯರಂಥವರಿಗೆ ಇಲ್ಲ.

ಐದು ಪಾಲಿಕೆಗಳ ಹೊಸ ವ್ಯವಸ್ಥೆಯಲ್ಲೂ ಗಡಿ ನಿಲ್ಲುವುದಿಲ್ಲ. ಸುತ್ತಲಿನ ಪ್ರದೇಶಗಳನ್ನು ಸೇರಿಸಿಕೊಳ್ಳುವ ಅಧಿಕಾರ ಗ್ರೇಟರ್ ಬೆಂಗಳೂರು ಕಾಯ್ದೆಯಲ್ಲಿ ಸರ್ಕಾರಕ್ಕಿದೆ. ಹೈದರಾಬಾದ್ 2007ರಲ್ಲಿ ಹನ್ನೆರಡು ಪುರಸಭೆಗಳನ್ನು ನುಂಗಿದ್ದು ಸಾಲದೆಂದು 2025ರ ಡಿಸೆಂಬರ್‌ನಲ್ಲಿ ಇನ್ನೂ 27 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಂಡಿತು. ನಮ್ಮಲ್ಲೂ ಆ ಒತ್ತಡ ಬಂದೇ ಬರುತ್ತದೆ, ಬೆಂಗಳೂರಿಗಷ್ಟೇ ಅಲ್ಲ, ರಾಜ್ಯದ ಇತರ ನಗರಗಳಿಗೂ. ಆಗ ಮಾಡಬೇಕಾದ್ದು ಮೂರು ಕೆಲಸ. ಕರಡು ಅಧಿಸೂಚನೆಯೊಂದಿಗೆ ಸೇರಲಿರುವ ಪ್ರತಿ ಊರಿನ ಈಗಿನ ವರಮಾನ, ಐದು ವರ್ಷಗಳಲ್ಲಿ ಅಲ್ಲಿಂದ ನಿರೀಕ್ಷಿಸುವ ತೆರಿಗೆ, ಅಲ್ಲಿ ಮಾಡಲಿರುವ ವೆಚ್ಚ ಇವುಗಳ ತಃಖ್ತೆ ಪ್ರಕಟವಾಗಬೇಕು. ನೀರು ಮತ್ತು ಒಳಚರಂಡಿ ಯಾವ ವರ್ಷ ತಲುಪುತ್ತವೆ ಎಂಬುದನ್ನು ಜಲಮಂಡಳಿ ಅಥವಾ ಸಂಬಂಧಪಟ್ಟ ಸಂಸ್ಥೆಯ ಸಹಿಯೊಂದಿಗೆ ನಮೂದಿಸಬೇಕು. ಆ ಗಡುವು ಮೀರಿದರೆ ತೆರಿಗೆ ಪಂಚಾಯಿತಿಯ ದರದಲ್ಲೇ ನಿಲ್ಲಬೇಕು. ಮೂರನೆಯದಾಗಿ, ಅಂತಿಮ ಅಧಿಸೂಚನೆಯಲ್ಲೇ ಮೊದಲ ಚುನಾವಣೆಯ ತಿಂಗಳನ್ನು ಹೇಳಬೇಕು. ಅಲ್ಲಿಯವರೆಗೆ ಪಂಚಾಯಿತಿಯ ಸದಸ್ಯರನ್ನು ಮನೆಗೆ ಕಳುಹಿಸದೆ ಸಲಹಾ ಸಮಿತಿಯಾಗಿ ಮುಂದುವರಿಸಬೇಕು. ಇವಿಷ್ಟೂ ಕಾಗದದ ಮೇಲೆ ಬಂದರೆ ನ್ಯಾಯಾಲಯಕ್ಕೆ ಪರೀಕ್ಷಿಸಲು ಏನಾದರೂ ಸಿಗುತ್ತದೆ. ಸರ್ಕಾರ ಕೊಟ್ಟ ಮಾತನ್ನು ಸರ್ಕಾರದ ಮುಂದೆಯೇ ಹಿಡಿಯುವುದು ರಿಟ್ ನ್ಯಾಯವ್ಯಾಪ್ತಿಗೆ ಹೊರತಾದ ಕೆಲಸವೇನಲ್ಲ.

ತೆರಿಗೆಯನ್ನು ಕಟ್ಟಿಹಾಕುವ ಎರಡನೇ ಅಂಶಕ್ಕೆ ಕಾಯ್ದೆಗೆ ತಿದ್ದುಪಡಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಹಣಕಾಸು ಇಲಾಖೆ ಒಪ್ಪುವುದೂ ಸುಲಭವಲ್ಲ. ಆದರೆ ಮೊದಲನೆಯದಕ್ಕೆ ವಿಧಾನಮಂಡಲದವರೆಗೆ ಹೋಗಬೇಕಾದ ಅಗತ್ಯವಿಲ್ಲ. ಆಕ್ಷೇಪಣೆಗಳ ಪರಿಶೀಲನಾ ನಮೂನೆಗೆ ಒಂದು ಹೊಸ ಅಂಕಣ ಸೇರಿಸಿ, ಊರುವಾರು ತಃಖ್ತೆ ಲಗತ್ತಿಸದ ಪ್ರಸ್ತಾವನೆಗಳನ್ನು ಹಿಂತಿರುಗಿಸಲಾಗುವುದೆಂದು ನಗರಾಭಿವೃದ್ಧಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅಂಥ ಸುತ್ತೋಲೆಗಳನ್ನು ನಾನೇ ಬೇರೆ ವಿಷಯಗಳಲ್ಲಿ ಹತ್ತಾರು ಬಾರಿ ಬರೆದಿದ್ದೇನೆ. ಒಂದು ಮಧ್ಯಾಹ್ನದ ಕೆಲಸ. ಮುಂದಿನ ಕರಡು ಅಧಿಸೂಚನೆ ಮುದ್ರಣಾಲಯಕ್ಕೆ ಹೋಗುವ ಮುನ್ನ ಅದು ಹೊರಡಬೇಕಷ್ಟೆ.